ಇಪ್ಪತ್ತನಾಲ್ಕನೆಯ ಮೊಳೆ

ಆಲ್ದೂರಿನಿಂದ ಬಂದ ಜೀಪು ತೋಟದ ಗೇಟಿನಲ್ಲಿ ನಿಲ್ಲುವ ಮುನ್ನವೇ ರಂಗನಾಥ ಅವಸರದಿಂದ ಇಳಿದು ಜೇಬು ಮುಟ್ಟಿ ನೋಡಿಕೊಂಡರು. ಮುಚ್ಚಳ ಇತ್ತು. ತೀರಿಕೊಂಡ ಹಳೆಯ ಮೇಲಧಿಕಾರಿ ಬೆಳ್ಳಿಯಪ್ಪನವರನ್ನು ಹನ್ನೊಂದಕ್ಕೆ ಗುಡ್ಡದ ಸ್ಮಶಾನಕ್ಕೆ ಒಯ್ಯುತ್ತಾರೆ; ಈಗ ಹತ್ತೂಮುಕ್ಕಾಲು. ಮೂವತ್ತಾರು ವರ್ಷ ನುಂಗಿಕೊಂಡಿದ್ದ ಮಾತನ್ನು ಹದಿನೈದು ನಿಮಿಷದಲ್ಲಿ ಅವರೆದುರೇ ಹೇಳಬೇಕಿತ್ತು.

ಅಂಗಳದಲ್ಲಿ ಅಳುವಿಗಿಂತ ನಗುವೇ ಹೆಚ್ಚಿತ್ತು. ಎಂಬತ್ತೆರಡು ವರ್ಷ ಬಾಳಿದ ಜೀವ, ನಿನ್ನೆ ಸಂಜೆ ಕಾಫಿ ಕುಡಿದು ಲೋಟ ಕೆಳಗಿಟ್ಟು ಹೊರಟುಬಿಟ್ಟಿತ್ತು. ರಾಕೆಟ್ ಎಂಜಿನ್ ಪರೀಕ್ಷಿಸುತ್ತಿದ್ದ ದೊಡ್ಡಪ್ಪ ನಿವೃತ್ತರಾದ ಮೇಲೂ ಹತ್ತರಿಂದ ಹಿಂದಕ್ಕೆ ಎಣಿಸಿಯೇ ಬಚ್ಚಲೊಲೆ ಹೊತ್ತಿಸುತ್ತಿದ್ದರೆಂದು ಅವರ ತಮ್ಮನ ಮಗ ದಿಲೀಪ್ ಹೇಳುತ್ತಿದ್ದ.

"ಸೊನ್ನೆಗೆ ಹೊತ್ತಿಕೊಳ್ಳದಿದ್ರೆ ಮತ್ತೆ ಹತ್ತರಿಂದ ಶುರು. ನಮ್ಗೆ ಸ್ನಾನ ಮಧ್ಯಾಹ್ನಕ್ಕೆ."

ನಿನ್ನೆ ಕೊಯ್ದ ಕಾಫಿ ಹಣ್ಣು ಪಲ್ಪರ್ ಯಂತ್ರದ ಬಳಿ ರಾಶಿ ಬಿದ್ದಿತ್ತು. ಇಂದು ಸಿಪ್ಪೆ ಬಿಡಿಸದಿದ್ದರೆ ಹಾಳು. ಸಾವಿನ ದಿನ ಯಂತ್ರ ಬೇಡವೆಂದವರಿಗೆ ಬೆಳ್ಳಿಯಪ್ಪನವರ ಹೆಂಡತಿ ಗಿರಿಜಾಂಬಾ, ಪಲ್ಪರ್ ಓಡುವಾಗಲೇ ತಮ್ಮನ್ನು ಹೊರಡಿಸಬೇಕೆಂದು ಅವರು ಹೇಳಿಟ್ಟಿದ್ದನ್ನು ತಿಳಿಸಿದ್ದರು. ಆದರೆ ಅದಕ್ಕೂ ಮೊದಲು ಜಗುಲಿಯ ಹಲಗೆಯ ಮೇಲಿನ ಮುಚ್ಚಳಗಳನ್ನು ಎಣಿಸಬೇಕು. ದಿನವೂ ಮೇಸ್ತ್ರಿ ಕಲ್ಲಮ್ಮ ಎಣಿಸಿ, "ಇಪ್ಪತ್ಮೂರು, ಒಂದು ಬರೋದಿದೆ" ಎಂದು ಕೂಗಿದ ಮೇಲೆಯೇ ಯಂತ್ರ ಚಾಲೂ.

ರಂಗನಾಥ ಹಲಗೆಯತ್ತ ನೋಡಿದರು. ಇಪ್ಪತ್ತನಾಲ್ಕು ಮೊಳೆ, ಇಪ್ಪತ್ಮೂರು ಕೆಂಪು ಮುಚ್ಚಳ. ಅವರು ಶವದ ಬಳಿಗೆ ನಡೆದರು.

*

ಮೂವತ್ತಾರು ವರ್ಷದ ಹಿಂದೆ ಹೊಸ ರಾಕೆಟ್ ಎಂಜಿನ್ ಎಲ್ಲರನ್ನೂ ಗೋಳುಹೊಯ್ದುಕೊಂಡಿತ್ತು. ಒಮ್ಮೆ ಪಂಪು ಸೀಳಿತು, ಒಮ್ಮೆ ಕವಾಟ ಕಚ್ಚಿಕೊಂಡಿತು. ಏಳನೆಯ ಪರೀಕ್ಷೆಯಲ್ಲಿ ಕಿಡಿ ತಡವಾಗಿ, ಒಳಗೆ ತುಂಬಿದ್ದ ಇಂಧನವೆಲ್ಲ ಒಮ್ಮೆಲೇ ಹೊತ್ತಿ, ಎಂಜಿನ್ ಚೂರಾಯಿತು. ಯಾರಿಗೂ ಗಾಯವಾಗಲಿಲ್ಲ.

ಚೂರು ಆಯುವಾಗ ರಂಗನಾಥರಿಗೆ ಸಿಕ್ಕಿದ್ದು ಅರೆಕರಗಿದ ಮುಚ್ಚಳ. ಧೂಳು ಹೋಗದಂತೆ ಕೊಳವೆಯ ಬಾಯಿಗೆ ಹಾಕಿ, ಜೋಡಿಸುವಾಗ ತೆಗೆಯಬೇಕಾದದ್ದು. ಕಿಡಿ ಹೊತ್ತಿಸುವ ಕೊಳವೆಯಲ್ಲಿ ಅದನ್ನು ಮರೆತವರು ಅವರೇ. ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ಮುಚ್ಚಳ ಜೇಬಿಗಿಳಿಯಿತು. ತಂಡದ ಮುಖ್ಯಸ್ಥ ಬೆಳ್ಳಿಯಪ್ಪ ವರದಿಯಲ್ಲಿ 'ನನ್ನ ತಪಾಸಣೆಯ ಲೋಪ' ಎಂದು ಬರೆದು ಸಹಿ ಹಾಕಿದರು. ಅವರ ಬಡ್ತಿ ತಪ್ಪಿತು.

ಮರುವಾರ ಇಪ್ಪತ್ತನಾಲ್ಕು ಮೊಳೆಯ ಹಲಗೆ ಬಂತು. ತೆಗೆದ ಮುಚ್ಚಳಗಳೆಲ್ಲ ಅದರ ಮೇಲೆ ಸೇರದೆ ಎಂಜಿನ್ ಹೊತ್ತಿಸುವಂತಿಲ್ಲ. ಎಂಟನೆಯ ಪರೀಕ್ಷೆ ಕೊನೆಯ ಸೆಕೆಂಡಿನವರೆಗೂ ಉರಿಯಿತು.

*

"ಅಮ್ಮ, ಆ ಎಂಜಿನ್ ಸಿಡಿದದ್ದು ನನ್ನಿಂದ." ರಂಗನಾಥ ಶವದ ಪಕ್ಕದಲ್ಲೇ ಅಂಗೈ ಬಿಚ್ಚಿದರು.

ಗಿರಿಜಾಂಬಾ ಮುಚ್ಚಳವನ್ನು ದಿಟ್ಟಿಸಿದರು. ಕಣ್ಣು ತುಂಬಿತು, ಆಮೇಲೆ ನಗು ಉಕ್ಕಿತು.

"ಎಷ್ಟು ವರ್ಷ ಕಾಯಿಸಿದ್ರಿ ಮಾರಾಯ್ರೇ."

"ಅವ್ರಿಗೆ ಗೊತ್ತಿತ್ತಾ?"

"ಅವತ್ತೇ ಮುಚ್ಚಳ ಎಣಿಸಿದ್ರಂತೆ, ಒಂದು ಕಡಿಮೆ. ನಿಮ್ಮ ಕೈ ಜೇಬು ಬಿಟ್ಟು ಬರ್ತಿರ್ಲಿಲ್ವಂತೆ. ಬೈದ್ರೆ ಓಡಿಹೋಗ್ತಾನೆ, ಅಂಥ ಕೆಲಸಗಾರ ಮತ್ತೆ ಸಿಗಲ್ಲ ಅಂತಿದ್ರು." ನಿವೃತ್ತರಾಗಿ ಹಲಗೆಯನ್ನು ಮನೆಗೆ ತರುವಾಗ, ಕಳೆದದ್ದರ ಬದಲಿಗೆ ಹಾಕಿದ್ದ ಹೊಸ ಮುಚ್ಚಳವನ್ನು ಬೇಕೆಂದೇ ಅಲ್ಲಿ ಬಿಟ್ಟುಬಂದರಂತೆ. "ಆ ಮೊಳೆಗೆ ನನ್ನ ಬೀಗದ ಕೈ ಸಹ ಹಾಕೋಕೆ ಬಿಡ್ಲಿಲ್ಲ. ಹೋಗಿ, ಹಾಕಿ."

ಕರಗಿ ಸೊಟ್ಟಗಾಗಿದ್ದ ಮುಚ್ಚಳ ಮೊದಲ ಸಲ ಜಾರಿತು. ಎರಡನೆಯ ಸಲ ಮೊಳೆಯ ಮೇಲೆ ನಿಂತಿತು.

ಕಲ್ಲಮ್ಮ ಬೆರಳಿಟ್ಟು ಎಣಿಸುತ್ತ ಬಂದು ಕೊನೆಯ ಮೊಳೆಯಲ್ಲಿ ಬೆರಳು ನಿಲ್ಲಿಸಿದಳು. ರಂಗನಾಥರ ಮುಖ ನೋಡಿದಳು.

"ಇಪ್ಪತ್ನಾಲ್ಕು," ಎಂದು ಕೂಗಿದಳು.

ಕೆಳಗೆ ಪಲ್ಪರ್ ಗುಡುಗಿತು. ರಂಗನಾಥರೂ ಸೇರಿ ನಾಲ್ವರು ಚಟ್ಟಕ್ಕೆ ಹೆಗಲು ಕೊಟ್ಟರು. ಜಗುಲಿಯ ಗೋಡೆ ಅದುರಿ, ಇಪ್ಪತ್ತನಾಲ್ಕು ಮುಚ್ಚಳಗಳೂ ಒಟ್ಟಿಗೆ ಕುಣಿಯತೊಡಗಿದವು.