ನನ್ನ ಕಾಯಿಲೆಯ ಎರಡು ಫೋಟೋ

ಕಾಯಿಲೆ ನನ್ನದು, ಹೆಸರು ಮಾಡಬೇಕಾದವರು ಡಾಕ್ಟರು! ಇದು ಯಾವ ಸೀಮೆ ನ್ಯಾಯವೋ ನನಗಂತೂ ತಿಳಿಯದು.

ಎಪ್ಪತ್ತೆಂಟನೇ ಇಸವಿಯಲ್ಲಿ ನನ್ನ ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಕೆಲಸ ಬಿಟ್ಟು ಕೂತುಬಿಟ್ಟಿತು. ಮುಖ ಊದಿ, ದನಿ ಗೊಗ್ಗರಾಗಿ, ಬೇಸಿಗೆಯಲ್ಲೂ ಕಂಬಳಿ ಹೊದ್ದು ಕೂರುತ್ತಿದ್ದೆ. ನನ್ನ ಜೋಗುಳ ಕೇಳಿದರೆ ಕೂಸು ಹೆದರಿ ಚೀರುತ್ತಿತ್ತು. ಅತ್ತೆ ದ್ರಾಕ್ಷಾಯಣಮ್ಮ ಮಾತ್ರ, "ತಿಂದೂ ತಿಂದೂ ಮೈಗಳ್ಳತನ ಬಂದೈತೆ" ಎಂದು ನಮ್ಮೂರು ಮಾಯಸಂದ್ರಕ್ಕೆಲ್ಲ ಸಾರಿದ್ದರು. ತುರುವೇಕೆರೆಯ ಡಾಕ್ಟರ್ ತೋಂಟದಾರ್ಯ ನೋಡಿದ ಕೂಡಲೇ ಕಾಯಿಲೆ ಪತ್ತೆ ಹಿಡಿದರು. ಆ ಉಪಕಾರ ಮರೆಯುವವಳಲ್ಲ ನಾನು. ಆದರೆ ಮಾತ್ರೆಗೆ ಮೊದಲೊಂದು, ಗುಣವಾದ ಮೇಲೊಂದು ಫೋಟೋ ಬೇಕೆಂದರು. ಎರಡನ್ನೂ ಸೇರಿಸಿ ನನ್ನ ಕಾಯಿಲೆಯ ವರದಿ ಬರೆದು ಡೆಲ್ಲಿಯ ವೈದ್ಯಪತ್ರಿಕೆಗೆ ಕಳಿಸುತ್ತಾರಂತೆ.

ಮೊದಲ ಫೋಟೋ ತೆಗೆದವನು ಸ್ಟುಡಿಯೋ ಕಾಡಸಿದ್ದಪ್ಪ. ಅವನು ತೆಗೆಯುವ ಹೆಂಗಸರ ಫೋಟೋಗಳೆಲ್ಲ ಗಂಡಿನ ಕಡೆಯವರಿಗೆ ತೋರಿಸುವಂಥವು. ಅದೇ ಅಭ್ಯಾಸದಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ, ನನ್ನ ಕೆನ್ನೆಯ ಊತ ಇಳಿಸಿ, ಹುಬ್ಬು ತಿದ್ದಿ ಚೆಲುವೆ ಮಾಡಿಕೊಟ್ಟ. ಡಾಕ್ಟರು ಲಕೋಟೆಯನ್ನೂ ಬಿಚ್ಚದೆ ಫೈಲಿಗೆ ಹಾಕಿದರು. ಎರಡನೆಯದನ್ನು ನಾನು ಗುಣವಾದ ಮೇಲೆ ಅವರೇ ತೆಗೆದರು. ಬಸ್ಸಿನ ಧೂಳು, ಕೆದರಿದ ಕೂದಲು, ಹೇಗಿದ್ದೆನೋ ಹಾಗೆ.

ಫೈಲು ಹಾಗೆಯೇ ಡೆಲ್ಲಿಗೆ ಹೋಯಿತು. ಪತ್ರಿಕೆಯವರು ವಾಪಸು ಕಳಿಸಿದರು. ಮೊದಲ ಫೋಟೋದಲ್ಲಿ ಕಾಯಿಲೆಯೇ ಇಲ್ಲವಂತೆ.

ಡಾಕ್ಟರು ಮನೆಗೇ ಬಂದರು. "ತಾಯಿ, ಒಂದು ನಾಕು ತಿಂಗಳು ಮಾತ್ರೆ ನಿಲ್ಸಿ. ಮುಖ ಮತ್ತೆ ಊದ್ಲಿ. ಫೋಟೋ ತೆಗೆದು ತಿರುಗಾ ಶುರು ಮಾಡೋಣ."

ಕೊಬ್ಬರಿ ವ್ಯಾಪಾರದ ನಮ್ಮ ಯಜಮಾನರಿಗೋ ಹಿಗ್ಗೋ ಹಿಗ್ಗು. "ಒಪ್ಕೊಳೇ! ಕೊಬ್ರಿ ಆಗೋಗಂಟ ಕಾಯಿ ವರ್ಷಗಟ್ಲೆ ಅಟ್ಟದ ಮ್ಯಾಲೆ ಕೂತಿರ್ತೈತೆ, ನಿಂಗೆ ನಾಕು ತಿಂಗಳು ಹೆಚ್ಚಾ? ಡೆಲ್ಲಿ ಪುಸ್ತಕದಾಗೆ ನಮ್ಮನೆ ಹೆಸರು ಬತ್ತೈತೆ ಕಣೇ."

"ಹೆಸರು ಹಾಕಲ್ಲ. ಗುರುತು ಸಿಗದ ಹಾಗೆ ಫೋಟೋದಲ್ಲಿ ಕಣ್ಣಿಗೂ ಕಪ್ಪು ಪಟ್ಟಿ ಬಳೀತೀವಿ," ಎಂದರು ಡಾಕ್ಟರು.

"ಹಂಗಾದ್ರೆ ನಮ್ಮ ಯಜಮಾನರ ಮುಖಾನೇ ತೆಕ್ಕಳಿ, ಚೆನ್ನಾಗಿ ಊದ್ಕಂಡೈತೆ!" ಎಂದೆ. ಸಿಟ್ಟಿಗೆ ಅಳುವೇ ಬಂತು. "ನಾನು ಮಾತ್ರೆ ಬುಡಾಕಿಲ್ಲ. ಕೂಸು ಈಗೀಗ ನನ್ನ ಮಗ್ಗುಲಾಗೆ ಮಲಗ್ತೈತೆ ಕಣ್ರೀ."

ಡಾಕ್ಟರು ಮುಖ ಗಂಟಿಕ್ಕಿಕೊಂಡು ಹೋದವರು, ಮುಂದಿನ ವರ್ಷ ಪುಸ್ತಕವೊಂದನ್ನು ಹಿಡಿದು ನಗುತ್ತಾ ಬಂದರು. ಫೋಟೋಗಳನ್ನು ಅದಲುಬದಲು ಮಾಡಿ ಮದರಾಸಿನ ಬೇರೆ ಪತ್ರಿಕೆಗೆ ಕಳಿಸಿ ಅಚ್ಚು ಹಾಕಿಸಿದ್ದರು ಪುಣ್ಯಾತ್ಮರು! ಕಾಡಸಿದ್ದಪ್ಪ ತಿದ್ದಿದ ಚೆಲುವೆ ಗುಣವಾದವಳು. ಧೂಳು ಮೆತ್ತಿದ, ನಿಜಕ್ಕೂ ಗುಣವಾದ ನಾನು ರೋಗಿ.

"ದೊಡ್ಡ ದೊಡ್ಡ ಕಾಲೇಜಿನ ಲೈಬ್ರರೀಲಿ ಜೋಪಾನವಾಗಿ ಇಡ್ತಾರೆ ತಾಯಿ. ಮೊಮ್ಮಕ್ಕಳ ಕಾಲಕ್ಕೂ ಓದ್ತಾರೆ."

ಯಜಮಾನರು ಪುಸ್ತಕ ನೋಡಿದರು, ನನ್ನನ್ನು ನೋಡಿದರು. ಅವರ ಮುಖ ಸಪ್ಪಗಾಯಿತು. "ಡಾಕ್ಟ್ರೇ, ಹಂಗಾದ್ರೆ ಇವಳಿಗೆ ಇನ್ನೂ ಗುಣವೇ ಆಗಿಲ್ವಲ್ಲ!"

ಡಾಕ್ಟರು ಪುಸ್ತಕವನ್ನು ನನ್ನ ಮುಖದ ಪಕ್ಕ ಹಿಡಿದು, ಆ ಕಡೆ ಈ ಕಡೆ ನೋಡಿ, "ಹೌದಲ್ರೀ" ಎಂದರು. ಜೇಬಿನಿಂದ ಪೆನ್ನು ತೆಗೆದು, ದಿನಕ್ಕೊಂದಿದ್ದ ಮಾತ್ರೆಯನ್ನು ಎರಡು ಮಾಡಿ ಬರೆದುಕೊಟ್ಟರು.