ಇಪ್ಪತ್ತೆರಡು ಹುರಿ

ನಿಂಗರಾಜುವಿನ ಕೈಗೆ ಕತ್ತಾಳೆ ನಾರು ಗೊತ್ತಿತ್ತು, ಎತ್ತಿನ ಮೂಗುದಾರ ಗೊತ್ತಿತ್ತು. ಮಗಳ ತಲೆ ಗೊತ್ತಿರಲಿಲ್ಲ. ಏಳು ವರ್ಷದ ಶ್ವೇತಳ ಕೂದಲನ್ನು ಅವನು ಒಂದು ದಿನವೂ ಬಾಚಿದವನಲ್ಲ. ಅದು ಹೆಂಡತಿ ಪ್ರಮೀಳಳ ಕೆಲಸ. ಪ್ರಮೀಳಾ ಈಗ ಮೈಸೂರಿನ ಆಸ್ಪತ್ರೆಯಲ್ಲಿದ್ದಳು. ತಲೆಯೊಳಗಿನ ಗಡ್ಡೆ ತೆಗೆದು ಹನ್ನೊಂದು ದಿನವಾಗಿತ್ತು. ಜೊತೆಗೆ ಅವಳ ತಾಯಿ ಇದ್ದರು. ದನಕರು ಮತ್ತು ಮಗಳನ್ನು ನೋಡಿಕೊಳ್ಳಲು ಅವನು ಬೂಕನಕೆರೆಗೆ ವಾಪಸು ಬಂದಿದ್ದ.

ಬಂದ ಮೇಲೆ ಅಪ್ಪ ಮಗಳ ನಡುವೆ ಮಾತು ಹುಟ್ಟಲಿಲ್ಲ. ಅವಳು ಅವ್ವನ ವಿಷಯ ಕೇಳಲಿಲ್ಲ, ಅವನು ಹೇಳಲಿಲ್ಲ. ಮುದ್ದೆ ಮುರಿಯುವಾಗ ಇಬ್ಬರೂ ತಟ್ಟೆಯನ್ನೇ ನೋಡುತ್ತಿದ್ದರು.

ಶನಿವಾರ ಬೆಳಿಗ್ಗೆ ಅವಳೇ ಬಾಯಿಬಿಟ್ಟಳು.

"ಅಪ್ಪ, ಇವತ್ತು ಸ್ಕೂಲ್ ಡೇ. ನಾನು ಕೃಷ್ಣ."

"ಗೊತ್ತು ಕಣವ್ವ. ಸಂಜೆ ಕರ್ಕೊಂಡೋಗ್ತೀನಿ."

"ಕೂದ್ಲು ಗುಂಗುರಿರ್ಬೇಕು. ನಾಕ್ ಗಂಟೆಗೆ ಗುಂಗುರು ಮಾಡ್ಕೊಂಡು ಬರ್ದಿದ್ರೆ ನಮ್ ಕ್ಲಾಸ್ ಭಾವನಂಗೆ ಕಿರೀಟ ಕಟ್ತೀನಿ ಅಂದವ್ರೆ ಟೀಚರು. ಅವ್ಳ್ದು ಹುಟ್ತಾನೇ ಗುಂಗುರು."

"ಮೊದ್ಲೇ ಯೋಳ್ಬಾರ್ದಿತ್ತಾ?"

ಲಂಗದ ಅಂಚನ್ನು ಬೆರಳಿಗೆ ಸುತ್ತುತ್ತಾ ಅವಳು ಹೇಳಿದಳು: "ಅವ್ವ ಮಾಡ್ತೀನಿ ಅಂದಿತ್ತು."

ನಿಂಗರಾಜು ಆ ನೆಟ್ಟನೆಯ ಕೂದಲನ್ನು ನೋಡುತ್ತ ನಿಂತ. ನಾರನ್ನು ಒದ್ದೆಯಲ್ಲಿ ಹೊಸೆದು ಬಿಸಿಲಿಗಿಟ್ಟರೆ ಹುರಿ ಬಿಡುವುದಿಲ್ಲ. ಕೂದಲೂ ನಾರೇ ತಾನೆ? ಆದರೂ ಬರೀ ನೀರನ್ನು ನಂಬಲು ಧೈರ್ಯ ಸಾಲಲಿಲ್ಲ. ಮೂರು ಹಂಗಾಮು ಆಲೆಮನೆಯಲ್ಲಿ ದುಡಿದವನು. ಅಚ್ಚಿಗೆ ಹೊಯ್ದ ಬೆಲ್ಲದ ಪಾಕ ಆರಿದ ಮೇಲೆ ಅಚ್ಚಿನ ಆಕಾರ ಬಿಡದೆ ಹಿಡಿದುಕೊಳ್ಳುವುದನ್ನು ಕಂಡಿದ್ದ. ಒಳಗೆ ಹೋಗಿ ಅರ್ಧ ಉಂಡೆ ಬೆಲ್ಲವನ್ನು ಚೊಂಬಿನ ನೀರಲ್ಲಿ ಕರಗಿಸಿ ತಂದ. ಹಳೆಯ ಪಂಚೆಯನ್ನು ಬೆರಳಗಲ ಹರಿದುಕೊಂಡ.

ನಾಲ್ಕು ಎಳೆ ಕಟ್ಟುವಷ್ಟರಲ್ಲಿ ಪಕ್ಕದ ಮನೆಯಿಂದ ದೊಡ್ಡವ್ವ ಬೈರಮ್ಮ ಬಂದಳು. ಚೊಂಬಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು.

"ಏನ್ಲಾ ಇದು? ಮಗಿನ ತಲೇಲಿ ಇರುವೆಗೊಳ್ಗೆ ಹಬ್ಬದಡಿಗೆ ಮಾಡ್ತಿದೀಯಾ?"

"ಗಟ್ಟಿಯಾಗಿ ನಿಲ್ಲಲಿ ಅಂತ ದೊಡ್ಡವ್ವ..."

"ನಿಲ್ತದೆ ನಿಲ್ತದೆ. ಕೃಷ್ಣ ಸ್ಟೇಜ್ ಮೇಲೆ ಕೊಳಲು ಬುಟ್ಟು ತಲೆ ಕೆರ್ಕೊಂಡು ನಿಲ್ತಾನೆ. ನೋಡ್ಲಾ, ಆಗ್ಲೇ ಬಂದ್ಬುಟ್ಟವೆ!"

ಜಗಲಿಯ ಅಂಚಿನಲ್ಲಿ ಕೆಂಪಿರುವೆಯ ಸಾಲು ಶ್ವೇತಳ ಕಡೆಗೇ ಹೊರಟಿತ್ತು. ಹುಡುಗಿ ಅಳಲಿಲ್ಲ. ಅವಳು ಅತ್ತಿದ್ದರೇ ಚೆನ್ನಾಗಿತ್ತೆಂದು ಅವನಿಗೆ ಅನ್ನಿಸಿತು.

ಕಟ್ಟಿದ್ದನ್ನೆಲ್ಲ ಬಿಚ್ಚಿ ಬೈರಮ್ಮ ತಲೆ ತೊಳೆದಳು. ಹಿತ್ತಿಲಿನ ದಾಸವಾಳದ ಎಲೆ ಕಿತ್ತು ನೀರಲ್ಲಿ ಕಿವುಚಿ ಲೋಳೆ ತೆಗೆದುಕೊಟ್ಟಳು. "ಇದು ಹಿಡ್ಕತದೆ, ಇರುವೇನೂ ಮುಟ್ಟಕಿಲ್ಲ. ನಂಗೆ ಕೈನಡುಕ, ಹೊಸ್ಯಾಕೆ ಆಗಕಿಲ್ಲ. ನೀನೇ ಮಾಡು," ಎಂದು ಹೊರಟುಹೋದಳು. ಆಗ ಹನ್ನೊಂದು ಗಂಟೆ. ಮಾರ್ಗಶಿರದ ಬಿಸಿಲು ಜಗಲಿಯ ಮೇಲೆ ಮೂರೂವರೆಯ ತನಕ ಇರುತ್ತದೆ, ಅಷ್ಟರೊಳಗೆ ಒಣಗಬೇಕು.

ಒಂದು ಎಳೆ ಹಿಡಿದ, ಲೋಳೆ ಸವರಿದ, ಬೆರಳುಗಳ ನಡುವೆ ಹುರಿ ಹಾಕುತ್ತ ಹೋದ. ಹಗ್ಗಕ್ಕೆ ಹುರಿ ಹೆಚ್ಚಾದಾಗ ಅದು ತಾನೇ ತಿರುಗಿ ಗಂಟಾಗುತ್ತದೆ. ಅದನ್ನು ಕೆಟ್ಟ ಹಗ್ಗ ಎಂದು ಬಿಸಾಡುತ್ತಾರೆ. ಇಲ್ಲಿ ಬೇಕಾದದ್ದು ಆ ಗಂಟೇ. ಕೂದಲು ತಾನಾಗಿ ಮಡಿಚಿಕೊಂಡು ಬುಡಕ್ಕೆ ಬಂದು ಬಸವನಹುಳುವಿನ ಹಾಗೆ ಕುಳಿತಿತು. ಮೆಲ್ಲಗೆ ಪಂಚೆಯ ಚೂರು ಕಟ್ಟಿದ.

"ನೋವಾಯ್ತದಾ?"

"ಊಹೂಂ. ಅವ್ವ ಇನ್ನೂ ಬಿಗಿಯಾಗಿ ಎಳೀತದೆ."

ಹದಿನೇಳನೆಯ ಎಳೆ ಕೈಯಲ್ಲಿದ್ದಾಗ ಅವಳು ಎದುರಿನ ಬೇಲಿ ನೋಡುತ್ತಲೇ ಕೇಳಿದಳು.

"ಅವ್ವನ್ ತಲೆ ಬೋಳ್ಸವ್ರಂತೆ?"

ಅವನ ಬೆರಳು ನಿಂತಿತು. ಅಷ್ಟರಲ್ಲೇ ಹುರಿ ಅರ್ಧ ಬಿಚ್ಚಿಕೊಂಡಿತು.

"ಊಂ."

"ಜಡೆ?"

ನರ್ಸಮ್ಮ ಪೇಪರಿನಲ್ಲಿ ಸುತ್ತಿ ಕೊಟ್ಟ ಜಡೆ. ಎಸೆಯಲು ಕೈಬಾರದೆ ತಂದಿದ್ದ. ಯಾರಿಗೂ ಹೇಳಿರಲಿಲ್ಲ. "ಪೆಟ್ಟಿಗೇಲಿ ಮಡಗಿವ್ನಿ. ತೋರ್ಸ್ಲಾ?"

ಕೊಟ್ಟಿಗೆಯಲ್ಲಿ ಹಸು ಗೊರಸು ತಟ್ಟಿತು.

"ಬ್ಯಾಡ. ಅವ್ವ ಬಂದ್ಮೇಲೆ ಇಬ್ರೂ ನೋಡ್ತೀವಿ," ಎಂದಳು ಶ್ವೇತ. ಆಮೇಲೆ ದೊಡ್ಡವರ ಧಾಟಿಯಲ್ಲಿ, "ನೀನು ಹೊಸಿ ಅಪ್ಪ, ಹೊತ್ತಾಯ್ತದೆ," ಎಂದಳು.

ಅವನು ಬಿಚ್ಚಿಕೊಂಡ ಹುರಿಯನ್ನು ಮತ್ತೆ ಮೊದಲಿನಿಂದ ಹೊಸೆದ. ಒಟ್ಟು ಇಪ್ಪತ್ತೆರಡು. ತಲೆಯ ತುಂಬ ಬಿಳಿ ಗಂಟುಗಳನ್ನಿಟ್ಟುಕೊಂಡು ಹುಡುಗಿ ಬಿಸಿಲಿಗೆ ಬೆನ್ನು ಕೊಟ್ಟು, ಕತ್ತು ಅಲುಗಿಸದೆ ಕುಳಿತಳು. ನೆರಳು ಬಂದಂತೆಲ್ಲ ಅವನು ಅವಳನ್ನು ಚಾಪೆಯ ಸಮೇತ ಬಿಸಿಲಿನ ಕಡೆಗೆ ಎಳೆದ. ಊಟವನ್ನು ಅವನೇ ತುತ್ತು ಮಾಡಿ ಬಾಯಿಗಿಟ್ಟ.

ಮೂರೂವರೆಗೆ ಮೊದಲ ಗಂಟು ಬಿಚ್ಚಿದ. ಒಳಗೆ ತೇವ ಉಳಿದಿದ್ದರೆ ಎಲ್ಲ ಮುಗಿದಂತೆ. ಕೂದಲು ಒಂದು ಕ್ಷಣ ಹಾಗೇ ಇತ್ತು. ಆಮೇಲೆ ಯಾರೋ ಕರೆದಂತೆ ಕೆಳಗಿಳಿದು, ಸುರುಳಿ ಸುರುಳಿಯಾಗಿ ತೂಗಾಡಿತು. ಹಗುರವಾಗಿ ಎಳೆದು ಬಿಟ್ಟ. ಎಳೆದಷ್ಟೂ ಬಂತು, ಬಿಟ್ಟ ಕೂಡಲೆ ತನ್ನ ಜಾಗಕ್ಕೆ ಹೋಗಿ ಸೇರಿಕೊಂಡಿತು. ಜೀವವಿಲ್ಲದ ನಾರನ್ನು ಹೊಸೆಯುತ್ತಲೇ ಬಂದವನಿಗೆ ಮೈ ಜುಮ್ಮೆಂದಿತು. ಉಳಿದವನ್ನು ಒಂದೊಂದಾಗಿ ಬಿಚ್ಚಿದ.

ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಅವಳನ್ನು ಕೂರಿಸಿಕೊಂಡು ಒಂದೊಂದು ಗುಂಡಿಯನ್ನೂ ಬಳಸಿ ತುಳಿದ. ಶಾಲೆ ಮುಟ್ಟಿದಾಗ ನಾಲ್ಕು ದಾಟಿತ್ತು. ಟೀಚರು ಜಯಲಕ್ಷ್ಮಮ್ಮ ಕಿರೀಟ ಹಿಡಿದು ಭಾವನಾಳ ಮುಂದೆ ಬಗ್ಗಿದ್ದವರು ತಿರುಗಿ ನೋಡಿದರು. ಹತ್ತಿರ ಬಂದು ಶ್ವೇತಳ ಒಂದು ಸುರುಳಿಗೆ ಬೆರಳು ತೂರಿಸಿ ಎಳೆದರು, ಬಿಟ್ಟರು.

"ಯಾರೇ ಮಾಡಿದ್ದು? ನಿಮ್ಮಮ್ಮ ಬಂದ್ರಾ?"

"ಇಲ್ಲ ಮಿಸ್. ನಮ್ಮಪ್ಪ."

ಅಲ್ಲಿದ್ದ ಗೋಪಿಯರೆಲ್ಲ ಅವನ ಕೈಗಳನ್ನೇ ನೋಡಿದರು. ನಿಂಗರಾಜು ಕೈಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡ. ಟೀಚರು ಕಿರೀಟವನ್ನು ಶ್ವೇತಳ ತಲೆಗಿಟ್ಟು ದಾರ ಬಿಗಿದರು. ಅದರ ಕೆಳಗಿನಿಂದ ಒಂದು ಸುರುಳಿ ಜಾರಿ ಅವಳ ಹಣೆಗೆ ಬಂದು ನಿಂತಿತು. ಪ್ರಮೀಳಳ ಬೋಳುತಲೆಯ ಮೇಲೆ ಮೊನ್ನೆ ಕಂಡ ಕಪ್ಪು ಕೂದಲ ಮೊಳಕೆಗಳು ಅವನಿಗೆ ನೆನಪಾದವು. ಆಗ ಅವುಗಳನ್ನು ಸರಿಯಾಗಿ ನೋಡಲೂ ಇರಲಿಲ್ಲ.