ಸಾರಮ್ಮನ ತಮ್ಮನ ಎಡಗೈ

ತಮ್ಮನಿಗೆ ಗಲ್ಫಿನಲ್ಲಿ ಎಂತ ಕೆಲಸ ಎಂದು ಯಾರಾದರೂ ಕೇಳಿದರೆ ಸಾರಮ್ಮನಿಗೆ ತಲೆ ಕೆಡುತ್ತಿತ್ತು. ಕಾಪುವಿನಿಂದ ಹೋದವರಲ್ಲಿ ಡ್ರೈವರುಗಳಿದ್ದರು, ಅಡುಗೆಯವರಿದ್ದರು, ಅತ್ತರಿನ ಅಂಗಡಿಯಲ್ಲಿ ನಿಂತವರಿದ್ದರು. ಅವಳ ತಮ್ಮ ಶೇಕಬ್ಬ ಮಾತ್ರ ಚೆಂಡು ಎಸೆಯುತ್ತಿದ್ದ. ಅದಕ್ಕೇ ಸಂಬಳ.

ಅವನು ಹೋದದ್ದೇನೋ ಅಮೆರಿಕನ್ನರ ಎಣ್ಣೆ ಕಂಪೆನಿಯ ಕ್ಯಾಂಪಿನಲ್ಲಿ ಕಸ ಗುಡಿಸುವುದಕ್ಕೆ. ಒಂದು ಸಂಜೆ ಬೇಲಿ ದಾಟಿ ಬಂದ ಚೆಂಡನ್ನು ಎಡಗೈಯಲ್ಲಿ ತಿರುಗಿ ಎಸೆದನಂತೆ. ಕಂಡವರ ಮಾವಿನಮರಕ್ಕೆ ಕಲ್ಲು ಬೀಸಿ ಪಳಗಿದ ಕೈ ಅದು. ಮೈದಾನದ ಆ ಕೊನೆಯಲ್ಲಿ ಚೆಂಡು ಹಿಡಿದವನು ಗ್ಲೌಸು ಕಳಚಿ ಅಂಗೈಗೆ ಉಫ್ ಉಫ್ ಎಂದು ಊದಿಕೊಂಡನಂತೆ. ಮರುದಿನವೇ ಇವನ ಕೈಯಿಂದ ಪೊರಕೆ ಹೋಯಿತು, ಬೇಸ್‌ಬಾಲ್ ಬಂತು. ಕೆಲವು ವರ್ಷ ಕಳೆದ ಮೇಲೆ ಬಹರೈನಿನ ಇನ್ನೊಂದು ಕಂಪೆನಿ ಹೆಚ್ಚು ಸಂಬಳ ಕೊಟ್ಟು ಅವನನ್ನು ತನ್ನ ತಂಡಕ್ಕೆ ಎಳೆದುಕೊಂಡಿತು. ಆ ದುಡ್ಡಿನಲ್ಲೇ ಸಾರಮ್ಮನ ಮನೆಯ ಮುಳಿಹುಲ್ಲು ಇಳಿದು ಹೆಂಚು ಏರಿತು.

ಆದರೆ ಇದನ್ನೆಲ್ಲ ಊರಿಗೆ ತಿಳಿಸಿ ಹೇಳುವವರು ಯಾರು? ಕಟಪಾಡಿಯ ದರ್ಜಿ, ಅಳತೆಯ ರವಿಕೆ ಕೊಡಲು ಹೋದಾಗಲೆಲ್ಲ, ಸ್ಟಂಪೇ ಇಲ್ಲದ ಮೇಲೆ ಔಟಾಗುವುದು ಹೇಗೆ ಎಂದು ಕೇಳಿ ಜೀವ ತಿನ್ನುತ್ತಿದ್ದ. ಆಟ ಆಡಿಕೊಂಡಿರುವವನಿಗೆ ಹೆಣ್ಣು ಕೊಡುವುದು ಹೇಗೆ ಎಂದು ಬಂದ ಸಂಬಂಧಗಳೆಲ್ಲ ಹಿಂದೆ ಸರಿದಿದ್ದವು.

ಸಾಲದ್ದಕ್ಕೆ ಆ ಎಡಗೈ. ತಾಯಿ ಇಲ್ಲದ ಹುಡುಗನನ್ನು ಸಾಕಿದವಳು ಅಕ್ಕನೇ. ಎಡಗೈಯಲ್ಲಿ ತಿಂಡಿ ತೆಗೆದರೆ ಏಟು, ಎಡಗೈಯಲ್ಲಿ ಕೊಟ್ಟರೆ ಏಟು. ಉಣ್ಣುವುದಕ್ಕೆ ಬಲಗೈ ಕಲಿತ, ಉಳಿದದ್ದಕ್ಕೆಲ್ಲ ಎಡಗೈಯೇ ಮುಂದೆ. ಬೀಗರಾಗಬೇಕಾದವರಿಗೆ ಇವನು ಎಡಗೈಯಲ್ಲಿ ತಿಂಡಿಯ ಬಶಿ ಚಾಚಿದರೆ ಮುಗಿದೇ ಹೋಯಿತಲ್ಲ!

ಎಂಬತ್ತನಾಲ್ಕರಲ್ಲಿ ರಜೆಗೆ ಬಂದವನು ಮಾತ್ರ ಆಶ್ಚರ್ಯ ಹುಟ್ಟಿಸಿದ. ಚಾ ತೆಗೆದುಕೊಳ್ಳುವುದು, ಅಟ್ಟದ ಡಬ್ಬಿ ಇಳಿಸುವುದು, ಬಾಗಿಲ ಚಿಲಕ ಹಾಕುವುದು, ಎಲ್ಲ ಬಲಗೈಯಲ್ಲಿ. ಸಾರಮ್ಮ ಹಿಗ್ಗಿದಳು. ಇಷ್ಟು ವರ್ಷ ಕೊಟ್ಟ ಏಟು ಕೊನೆಗೂ ನಾಟಿತು ಎಂದುಕೊಂಡಳು. ಈ ಸಲ ಮದುವೆ ಆಗಿಯೇ ಆಗುತ್ತದೆ.

ಕುಕ್ಕುಂದೂರಿನಿಂದ ಜುಬೈದಾ ಎಂಬ ಹುಡುಗಿಯ ಸೋದರಮಾವ ಕುಂಞಿ ಮೊಹಮ್ಮದ್ ಮಾತಿಗೆ ಬಂದ. ಗುಮಾಸ್ತನ ಕೆಲಸ ಎಂದು ಹೇಳು ಎಂದು ಸಾರಮ್ಮ ತಮ್ಮನಿಗೆ ಬಾಯಿಪಾಠ ಮಾಡಿಸಿದ್ದಳು. ಆ ಪುಣ್ಯಾತ್ಮ ಕೇಳಿದ ಕೂಡಲೇ ಚೆಂಡು ಎಸೆಯುವುದು ಎಂದುಬಿಟ್ಟ. ಬಾಗಿಲ ಹಿಂದೆ ನಿಂತಿದ್ದ ಸಾರಮ್ಮ ಹಣೆ ಚಚ್ಚಿಕೊಂಡಳು.

ಕುಂಞಿ ಮೊಹಮ್ಮದ್ ಒಮ್ಮೆ ಎಸೆದು ತೋರಿಸಲು ಹೇಳಿದ. ಇವತ್ತು ಬೇಡ ಎಂದ ಶೇಕಬ್ಬ. ಅಷ್ಟರಲ್ಲಿ ಅಂಗಳದಲ್ಲಿ ಒಣಗಲು ಹಾಕಿದ್ದ ಮೀನಿಗೆ ಕಾಗೆ ಬಂತು. ಅದಕ್ಕಾದರೂ ಒಂದು ಕಲ್ಲು ಎಸೆ ಎಂದ ನೆಂಟ. ಶೇಕಬ್ಬ ಕೂತಲ್ಲಿಂದಲೇ ಬಲಗೈ ಬೀಸಿ ಹುಶ್ ಎಂದ.

“ಸುಳ್ಳು ಹೇಳುವುದಾದರೆ ಸ್ವಲ್ಪ ದೊಡ್ಡ ಕೆಲಸವನ್ನೇ ಹೇಳಬಹುದಿತ್ತು ಮಾರಾಯ,” ಎಂದ ಕುಂಞಿ ಮೊಹಮ್ಮದ್.

ಸಾರಮ್ಮನ ತಾಳ್ಮೆಯ ಕಟ್ಟೆ ಒಡೆಯಿತು. ಊರಿಲ್ಲದ ಊರಿನಲ್ಲಿ ಯಾರ್ಯಾರಿಗೋ ವರ್ಷಗಟ್ಟಲೆ ಎಸೆದವನಿಗೆ ಹುಡುಗಿಯ ಮಾವನ ಎದುರು ಒಂದು ಕಲ್ಲು ಭಾರವಾಯಿತೇ? ಅಂಗಳಕ್ಕೆ ಇಳಿದು ಮುರಕಲ್ಲಿನ ಚೂರೊಂದನ್ನು ಹೆಕ್ಕಿ ತಂದು ಅವನ ಎಡಗೈಗೆ ತುರುಕಿದಳು.

“ಎಸೆ. ಈ ಕೈಯಲ್ಲೇ ಎಸೆ.”

ಶೇಕಬ್ಬ ಅವಳ ಮುಖ ನೋಡಿ ಎದ್ದು ನಿಂತ. ಕೈ ಎತ್ತಿದ. ಎದೆಯ ಮಟ್ಟಕ್ಕೆ ಬಂದದ್ದು ಅಲ್ಲೇ ನಿಂತು ನಡುಗಿತು. ಕಲ್ಲು ಅವನ ಕಾಲ ಬುಡದಲ್ಲೇ ಬಿತ್ತು. ಕಾಗೆ ಕತ್ತು ಕೂಡ ತಿರುಗಿಸಲಿಲ್ಲ.

“ಭುಜ ಹೋಯಿತು ಅಕ್ಕ. ಮಣಿಪಾಲದಲ್ಲೂ ತೋರಿಸಿದೆ, ಕೈ ಇನ್ನು ಮೇಲೆ ಏಳುವುದಿಲ್ಲವಂತೆ. ಕಂಪೆನಿಯವರು ಬರಬೇಡ ಎಂದಿದ್ದಾರೆ. ನಿನಗೆ ಹೇಗೆ ಹೇಳುವುದು ಎಂದು ಗೊತ್ತಾಗಲಿಲ್ಲ.”

ಚಾ, ಡಬ್ಬಿ, ಚಿಲಕ ಎಲ್ಲ ಸಾರಮ್ಮನ ಕಣ್ಣ ಮುಂದೆ ಬಂದವು. ಅದನ್ನು ನೋಡಿ ತಾನು ಹಿಗ್ಗಿದ್ದು ನೆನಪಾಗಿ ಅವಳಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು.

ಕುಂಞಿ ಮೊಹಮ್ಮದ್ ಎದ್ದು ಹೆಗಲ ಶಾಲು ಸರಿಮಾಡಿಕೊಂಡ. ಹಾಗಾದರೆ ಈಗ ಕೆಲಸ ಇಲ್ಲ, ಅಲ್ವಾ, ಮೊದಲಾದರೂ ಎಂತ ಇತ್ತು ಎಂದು ಸಾರಮ್ಮನನ್ನೇ ಕೇಳಿದ. ಗುಮಾಸ್ತ ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು.

“ನನ್ನ ತಮ್ಮ ಚೆಂಡು ಎಸೆಯುತ್ತಿದ್ದ, ಕುಂಞಾಕ. ಎಡಗೈಯಲ್ಲಿ. ನೀವು ಇಷ್ಟು ಹೊತ್ತು ಕೂತದ್ದು ಆ ಕೈ ಹೊದೆಸಿದ ಹೆಂಚಿನ ಅಡಿಯಲ್ಲಿ. ಹುಡುಗಿಯನ್ನು ಕೊಡಬೇಡಿ, ಅಡ್ಡಿಯಿಲ್ಲ. ಸುಳ್ಳು ಎಂದು ಮಾತ್ರ ಹೇಳಬೇಡಿ.”

ನೆಂಟ ಬಸ್ಸಿಗೆ ಹೊತ್ತಾಯಿತು ಎಂದು ಹೊರಟ. ಸಾರಮ್ಮ ತಮ್ಮನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ಕಾಗೆ ಮೀನು ಕೊಂಡುಹೋಗುತ್ತಾ ಉಂಟು, ಬಿಡು ಅಕ್ಕ ಎಂದ ಶೇಕಬ್ಬ.

“ಕೊಂಡುಹೋಗಲಿ,” ಎಂದಳು ಅವಳು.